ಗೀರಿನ ಆಚೆ

ಶವವಿಟ್ಟ ಪೆಟ್ಟಿಗೆಯ ಸುತ್ತ ಕುರ್ಚಿ ಹಾಕುತ್ತಿದ್ದ ಬಸ್ ಚಾಲಕನಿಗೆ ರೇಗಿಹೋಯಿತು. ಹೆಂಡತಿಯ ಹೆಣ ನಡುಮನೆಯಲ್ಲಿದೆ, ಅವಳ ಜೊತೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಗೆಳತಿ ಮಾತ್ರ ಕಾಲು ಸುಟ್ಟ ಬೆಕ್ಕಿನಂತೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದಾಳೆ. ಸತ್ತವಳ ತಮ್ಮನ ರೈಲು ತಡವಾಗಿತ್ತು. ಅವನು ಬರುವವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ. ಕಾಯುವುದೆಂದರೆ ಚಾಲಕನಿಗೆ ಮೊದಲೇ ಆಗಿಬರದು.

"ಹೊರಡೋದಿದ್ರೆ ಹೊರಡಿ. ಯಾರೂ ಹಿಡ್ಕೊಂಡಿಲ್ಲ," ಎಂದ.

ಗೆಳತಿಯ ಕಣ್ಣು ತುಂಬಿತು. "ನಿನ್ನೆ ಬೆಳಿಗ್ಗೆ ಪ್ರಯೋಗದ ಎರಡು ತಟ್ಟೆ ಇಟ್ಟು, ಕೆಳಗೆ ಬರ್ತಾ ಮೆಟ್ಟಿಲಲ್ಲೇ ಕುಸಿದಳು. ಅವನ್ನ ಇವತ್ತು ನೋಡದಿದ್ರೆ ಎಲ್ಲಾ ಹಾಳು. ಜೀವಕೋಶಗಳು ಒಂದಕ್ಕೆರಡಾಗಿ ಜಾಗ ತುಂಬಿಬಿಡ್ತವೆ. ನಡೆದು ಬಂದವು ಯಾವು, ಅಲ್ಲೇ ಹುಟ್ಟಿದವು ಯಾವು ಅಂತ ಆಮೇಲೆ ಹೇಳೋಕಾಗಲ್ಲ."

ಮತ್ತೆ ಆ ತಟ್ಟೆ! ತಾನು ಹೆಂಗಸಾಗಿದ್ದರೆ ಸವತಿ ಎಂದಾದರೂ ಬೈಯಬಹುದಿತ್ತು. ಗಂಡಸಿಗೆ ಅಂಥದ್ದಕ್ಕೆ ಒಂದು ಹೆಸರೂ ಇಲ್ಲ.

*

ರಜೆಯ ದಿನವೂ ಅರ್ಧ ಊಟಕ್ಕೇ ಎದ್ದು ಓಡುವವಳು ಅವನ ಹೆಂಡತಿ. "ಅವಕ್ಕೆ ಉಣಿಸಿ ಬರ್ತೀನಿ."

"ಮೊದಲು ನನಗೆ ಉಣಿಸು."

"ನಿನಗೆ ಕೈ ಇದೆಯಲ್ಲ, ಉಣ್ಣು."

ಕಳೆದ ತಿಂಗಳು ಒಂದು ದಿನ ಮಾತ್ರ ಓಡದೆ, ಊಟದ ಮೇಜಿಗೆ ಮೊಣಕೈ ಊರಿ ಕೂತಿದ್ದಳು. ಗಾಯ ಮಾಯಬೇಕಾದರೆ ಅಕ್ಕಪಕ್ಕದ ಜೀವಕೋಶಗಳು ನಡೆದು ಬಂದು ಜಾಗ ಮುಚ್ಚಬೇಕು. ಅವಳು ತಟ್ಟೆಗೆ ಅದಕ್ಕೆ ನೆರವಾಗಬಹುದಾದ ಒಂದು ಪ್ರೋಟೀನು ಬಳಿದು, ಮೇಲೆ ಜೀವಕೋಶ ಬೆಳೆಸಿ, ನಡುವೆ ಒಂದು ಗೀರು ಎಳೆದು, ಅವು ದಾಟುತ್ತವೆಯೇ ಎಂದು ನೋಡುತ್ತಿದ್ದಳು. ತಿಂಗಳುಗಟ್ಟಲೆ ನೋಡಿದಳು. ಪ್ರತಿ ಸಲವೂ ಒಂದು ದಿನ ಕಳೆದರೂ ಅವು ಗೀರಿನ ಅಂಚಿನಲ್ಲೇ ನಿಂತಿರುತ್ತಿದ್ದವು. ಆ ಪ್ರೋಟೀನಿನಿಂದ ಏನೂ ಆಗದು, ಕೈಬಿಡಿ ಎಂದು ಮೇಲಿನವರು ಹೇಳಿಯಾಗಿತ್ತು.

"ತಪ್ಪು ಅದರದ್ದಲ್ಲ ಕಣೋ, ನನ್ನ ಕೈ ಭಾರ," ಎಂದಳು. "ಗೀರುವಾಗ ಕೆಳಗೆ ಬಳಿದಿದ್ದನ್ನೂ ಕೆರೆದುಹಾಕಿದೀನಿ. ಅವು ಕಾಲು ಚಾಚಿ ತಡಕ್ತವೆ. ಕೆಳಗಿರೋ ಪ್ರೋಟೀನು 'ಬಾ' ಅಂದ್ರೆ ತಾನೇ ಮುಂದಿನ ಹೆಜ್ಜೆ? ಕರೆಯೋರೇ ಇಲ್ಲದ ಜಾಗಕ್ಕೆ ಯಾಕೆ ಬರ್ತವೆ?"

"ಈಗೇನು ಮಾಡ್ತೀಯ?"

"ಒಂದು ತಟ್ಟೇಲಿ ಗೀರಿನೊಳಗೆ ಮತ್ತೆ ಬಳೀತೀನಿ. ಇನ್ನೊಂದನ್ನ ಹಾಗೇ ಬಿಡ್ತೀನಿ."

ಅವನು ಬಾಯ್ತುಂಬ ಆಕಳಿಸಿದ್ದ. ಆ ಆಕಳಿಕೆ ಈಗ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

*

"ನಡೀರಿ, ನಾನೂ ಬರ್ತೀನಿ," ಎಂದ ಚಾಲಕ.

ಅವನ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಹೆಂಡ್ತಿನ ಹೀಗೆ ಮಲಗಿಸಿ ಎಲ್ಲಿಗೋ? ನೋಡಿದೋರು ಏನಂತಾರೆ?"

"ಇಷ್ಟು ವರ್ಷ ಅವಳು ಓಡ್ತಿದ್ಲು, ನಾನು ಮನೇಲಿ ಕೂತು ಬೈತಿದ್ದೆ. ಇವತ್ತೊಂದಿನ ನಾನು ಓಡ್ತೀನಿ, ನೀನು ಬೈತಿರು."

ಪ್ರಯೋಗಾಲಯ ಎರಡು ಬೀದಿಯಾಚೆ. ಬೆಚ್ಚನೆಯ ಕಪಾಟಿನಿಂದ ಗೆಳತಿ ಅಂಗೈಯಗಲದ ಎರಡು ಪ್ಲಾಸ್ಟಿಕ್ ತಟ್ಟೆಗಳನ್ನು ತೆಗೆದಳು. ಒಳಗೆ ತಿಳಿಗೆಂಪು ನೀರು. ಇಷ್ಟಕ್ಕಾಗಿಯೇ ಇಷ್ಟೆಲ್ಲ ಎಂದು ಅವನಿಗನ್ನಿಸಿತು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಒಂದಾದ ಮೇಲೊಂದು ತಟ್ಟೆ ನೋಡಿದಳು. "ಮತ್ತೆ ಬಳಿಯದ ತಟ್ಟೇಲಿ ಅಂಚಲ್ಲೇ ನಿಂತಿವೆ. ಇದರಲ್ಲಿ... ಬಂದಿವೆ. ನೋಡಿ ಬನ್ನಿ!"

ಅವನು ಬಗ್ಗಿದ. ಬರಿದಾದ ಪಟ್ಟಿಯ ಎರಡೂ ಕಡೆಯಿಂದ ಪುಟ್ಟ ಪುಟ್ಟ ಜೀವಗಳು ಹೊರಟುಬಂದಿದ್ದವು. ಎಲ್ಲಕ್ಕಿಂತ ಮುಂದಿದ್ದದ್ದು ತೆಳ್ಳಗಿನ ಕಾಲೊಂದನ್ನು ಚಾಚಿತ್ತು. ನೋಡುತ್ತಿದ್ದಂತೆ ಅದರ ಅಂಚು ಮೆಲ್ಲಗೆ ಅಲುಗಿತು.

ಗೆಳತಿ ಸಣ್ಣ ಸೀಸೆಯೊಂದನ್ನು ಮೇಜಿನ ಮೇಲಿಟ್ಟಳು. "ಇದನ್ನ ಹಾಕಿದ್ರೆ ಎಲ್ಲಿವೆಯೋ ಅಲ್ಲೇ ನಿಲ್ತವೆ. ಆಮೇಲೆ ಎಣಿಸಿ ಎಲ್ಲರಿಗೂ ತೋರಿಸಬಹುದು."

"ನಿಲ್ತವೆ ಅಂದ್ರೆ?"

"ಸಾಯ್ತವೆ."

ಅವನು ತಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡ. "ಅವಳ ಕೈಯಾರೆ ಮಾಡಿದ್ದರಲ್ಲಿ ಜೀವ ಇರೋದು ಇಷ್ಟೇ."

"ಬೆಳಿಗ್ಗೆಯಿಂದ ನನಗೂ ಅದೇ. ಇಲ್ಲಿಗೆ ಓಡಿ ಬರಬೇಕು ಅನ್ಸುತ್ತೆ, ಬಂದು ಇದನ್ನ ಮಾಡೋಕೆ ಕೈಯೇ ಬರಲ್ಲ."

ಅವನ ಫೋನು ಬಡಿದುಕೊಂಡಿತು. ಹೆಂಡತಿಯ ತಮ್ಮ ಬಂದಿದ್ದಾನೆ, ಜನ ಎದ್ದು ನಿಂತಿದ್ದಾರೆ, ಎಲ್ಲಿ ಸತ್ತೆ ನೀನು ಎಂದು ಅಕ್ಕ ಕೂಗುತ್ತಿದ್ದಳು.

"ಹಾಗೇ ಬಿಟ್ರೆ?" ಎಂದು ಕೇಳಿದ.

"ಅವು ಒಂದಕ್ಕೆರಡಾಗಿ, ನಾಳೆಗೆ ಎರಡೂ ತಟ್ಟೆ ಒಂದೇ ಥರ ತುಂಬಿರ್ತವೆ. ಅವಳು ಹೇಳಿದ್ದು ನಿಜ ಅಂತ ಯಾರಿಗೂ ಗೊತ್ತಾಗಲ್ಲ."

ಚಾಲಕ ಕೈ ಚಾಚಿದ. "ಹೇಗೆ ಹಾಕೋದು, ಹೇಳಿಕೊಡಿ."

"ಅಂಚಿನಿಂದ. ಮೆಲ್ಲಗೆ. ಹನಿ ನೇರ ಮೇಲೆ ಬೀಳಬಾರದು."

ಬಳಿಯದ ತಟ್ಟೆಗೆ ಮೊದಲು ಹಾಕಿದ, ಆಮೇಲೆ ಇದಕ್ಕೆ. ಮಲಗಿದವರಿಗೆ ಹೊದಿಸುವಷ್ಟು ಮೆಲ್ಲಗೆ ಹಾಕಿದ. ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಾಗ ಅಲುಗಾಟ ನಿಂತಿತ್ತು. ಎಲ್ಲಕ್ಕಿಂತ ಮುಂದೆ ಹೋಗಿದ್ದ ಆ ಒಂದು, ಗೀರಿನ ನಟ್ಟನಡುವೆ, ಆಚೆಯ ದಂಡೆಯ ಕಡೆಗೆ ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.