ಮೂವತ್ತೆಂಟು ಕೆಜಿ

"ಕುಣೀಬೇಡ. ಕಾಲು ಎತ್ತೆತ್ತಿ ಹಾಕಬೇಡ. ಮೆಲ್ಲಗೆ ಹತ್ತು, ಮೆಲ್ಲಗೆ ಇಳಿ," ಎಂದು ಟೈಲರಮ್ಮ ಮಗಳ ಕಿವಿಯಲ್ಲಿ ಮೂರನೇ ಸಲ ಹೇಳಿದಳು.

"ಗೊತ್ತಾಯ್ತಮ್ಮಾ. ತುಂಬಿದ ಕೊಡ ಹೊತ್ಕೊಂಡಿರೋ ಥರ ಹೋಗ್ತೀನಿ, ಸಾಕಾ?"

ಸಾಲಿನಲ್ಲಿ ಅವರ ಮುಂದೆ ಇನ್ನೂ ನಾಲ್ವರಿದ್ದರು. ಮೈದಾನದ ಮೂಲೆಯ ತಗಡಿನ ಶೆಡ್ಡು. ಒಳಗೆ ಒಂದು ಮೇಜು, ಗೋಡೆಗೆ ಎತ್ತರ ಅಳೆಯುವ ಪಟ್ಟಿ, ನೆಲದ ಮೇಲೆ ತೂಕದ ಯಂತ್ರ. ನರ್ಸಮ್ಮ ಹುಡುಗಿಯರನ್ನು ಒಬ್ಬೊಬ್ಬರಾಗಿ ಹತ್ತಿಸಿ, ಮುಳ್ಳು ನಿಲ್ಲುವವರೆಗೆ ಕಾದು, ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಮೂವತ್ತೆಂಟು ಕೆಜಿ ಮುಟ್ಟಿದವರು ಆಚೆ ಬಾಗಿಲಿನಿಂದ ಓಟಕ್ಕೆ. ಮುಟ್ಟದವರು ಬಂದ ಬಾಗಿಲಿನಿಂದಲೇ ಮನೆಗೆ.

ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು. ಮೊದಲು ಅವಳ ಓಟ ನೋಡಿ ಇಟ್ಟ ಹೆಸರು. ಈಚೆಗೆ ಕೈಕಾಲು ನೋಡಿದವರೂ ಹಾಗೇ ಕರೆಯತೊಡಗಿದ್ದರು. ಟೈಲರಮ್ಮನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಟೇಪಿಗೇ ಗೊತ್ತಿತ್ತು: ವರ್ಷದಲ್ಲಿ ಉದ್ದ ಮೂರು ಇಂಚು ಜಾಸ್ತಿ, ಸೊಂಟ ಹೋದ ವರ್ಷದ್ದೇ. ಊರ ಮಕ್ಕಳಿಗೆ ಶಾಲೆಯ ಫ್ರಾಕು ಹೊಲಿಯುವಾಗ, ಬೆಳೆಯುವ ಮಕ್ಕಳಲ್ಲವೇ ಎಂದು, ಪಕ್ಕದ ಹೊಲಿಗೆಯಲ್ಲಿ ಎರಡಿಂಚು ಬಟ್ಟೆ ಒಳಗೆ ಬಿಡುತ್ತಿದ್ದಳು. ಅವರೆಲ್ಲ ವರ್ಷಕ್ಕೊಮ್ಮೆ ಬಂದು ಬಿಡಿಸಿಕೊಂಡು ಹೋಗುತ್ತಿದ್ದರು. ತನ್ನ ಮಗಳ ಎರಡಿಂಚು ಮಾತ್ರ ಇಟ್ಟಲ್ಲೇ ಇತ್ತು.

ಕ್ರೀಡಾ ಹಾಸ್ಟೆಲಿನ ಈ ಆಯ್ಕೆಯ ವಿಷಯ ಹೇಳಿದವರು ಶಾಲೆಯ ಪಿ.ಟಿ. ಮೇಷ್ಟ್ರು. "ಮೂರು ಹೊತ್ತು ಊಟ, ದಿನಕ್ಕೆ ಎರಡು ಮೊಟ್ಟೆ, ಮಲಗೋ ಮುಂಚೆ ಒಂದು ಲೋಟ ಹಾಲು. ನಿಮ್ಮ ಹುಡುಗಿ ಕಾಲಿಗೆ ಇವೆಲ್ಲ ಬಿದ್ರೆ ಎಲ್ಲಿಗೆ ಹೋಗ್ತಾಳೆ ಗೊತ್ತಾ?" ಮೇಷ್ಟ್ರು ಪದಕ, ಕಪ್ಪು, ಪೇಪರಿನಲ್ಲಿ ಫೋಟೋ ಎಂದು ಇನ್ನೂ ಏನೇನೋ ಹೇಳಿದರು. ಟೈಲರಮ್ಮನ ಮನಸ್ಸು ಮೊಟ್ಟೆಯ ಹತ್ತಿರವೇ ನಿಂತುಬಿಟ್ಟಿತ್ತು. ಮನೆಯಲ್ಲಿ ಐದು ತಟ್ಟೆ. ಗೋದಾಮಿನಲ್ಲಿ ಮೂಟೆ ಹೊರುವ ಗಂಡನಿಗೆ ಮೊದಲು ಬಡಿಸಬೇಕು, ಇಲ್ಲದಿದ್ದರೆ ನಾಳೆ ಮೂಟೆ ಮೇಲೇಳುವುದಿಲ್ಲ. ಆಮೇಲೆ ಚಿಕ್ಕವು ಎರಡು. "ನಂಗೆ ಹಸಿವಿಲ್ಲಮ್ಮ" ಎನ್ನುವುದನ್ನು ದೊಡ್ಡವಳು ಯಾವಾಗ ಕಲಿತಳೋ ಗೊತ್ತಿಲ್ಲ. ಅದನ್ನು ನಂಬಿದ ಹಾಗೆ ನಟಿಸುವುದನ್ನು ಟೈಲರಮ್ಮ ಅವಳಿಗಿಂತ ಬೇಗ ಕಲಿತಿದ್ದಳು.

ಹೋದ ವರ್ಷ ಇದೇ ಮೈದಾನದಲ್ಲಿ ಮೊದಲು ಓಟ ನಡೆದಿತ್ತು, ಆಮೇಲೆ ತೂಕ. ಮಿಡತೆ ಓಟದಲ್ಲಿ ಎರಡನೆಯವಳಾಗಿ ಬಂದು, ಯಂತ್ರದ ಮೇಲೆ ನಿಂತು ಮೂವತ್ತಮೂರು ತೂಗಿದಳು. ಹಾಸ್ಟೆಲಿನ ಕೋಚ್ ಮೇಡಂ ಒಳ್ಳೆಯ ಹೆಂಗಸು, ಬೇಜಾರು ಮಾಡಿಕೊಂಡೇ ಹೇಳಿದ್ದರು: "ಹಿಂದೆ ಒಬ್ಳು ಹುಡುಗಿ ತರಬೇತೀಲಿ ಕುಸಿದು ಬಿದ್ದವಳು ಏಳಲೇ ಇಲ್ಲಮ್ಮ. ಅದಕ್ಕೇ ಈ ನಿಯಮ. ಚೆನ್ನಾಗಿ ಊಟ ಹಾಕಿ ಬರೋ ವರ್ಷ ಕರ್ಕೊಂಡು ಬನ್ನಿ." ಊಟ ಸಿಗಲಿ ಅಂತಲೇ ನಿಮ್ಮ ಹತ್ತಿರ ಕರ್ಕೊಂಡು ಬಂದಿದ್ದು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಟೈಲರಮ್ಮ ಮಗಳ ಕೈ ಹಿಡಿದು ಹೊರಟಿದ್ದಳು. ಈ ವರ್ಷವೇ ಕೊನೆ. ಹದಿನೈದು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಮಿಡತೆಗೆ ಇನ್ನೆರಡು ತಿಂಗಳಿಗೆ ಹದಿನೈದು.

ಹೋದ ವಾರ ದಿನಸಿ ಅಂಗಡಿಯ ತಕ್ಕಡಿಯಲ್ಲಿ ನಿಲ್ಲಿಸಿ ನೋಡಿದಾಗ ಮೂವತ್ತೈದೂವರೆ ಬಂತು. ಎರಡೂವರೆ ಕೆಜಿ ಎಲ್ಲಿಂದ ತರುವುದು? ಟೈಲರಮ್ಮನಿಗೆ ಉಪಾಯ ಹೊಳೆದದ್ದು ಹೊಲಿಗೆಯ ಮಿಷನ್ನಿನ ಮುಂದೆಯೇ. ದೊಡ್ಡ ಪರದೆಗಳು ಗಾಳಿಗೆ ಹಾರದೆ ನೆಟ್ಟಗೆ ನಿಲ್ಲಲೆಂದು ಅಂಚಿನೊಳಗೆ ಸೀಸದ ಚಪ್ಪಟೆ ತುಂಡುಗಳನ್ನಿಟ್ಟು ಹೊಲಿಯುತ್ತಾರೆ. ಪರದೆ ಅಂಗಡಿಯವರು ಕೊಟ್ಟ ಸೀಸ ಡಬ್ಬಿ ತುಂಬ ಇತ್ತು. ಯೂನಿಫಾರಂ ಫ್ರಾಕಿನ ಒಂದೊಂದು ನೆರಿಗೆಯ ಹಿಂದೆ, ಸೊಂಟದ ಪಟ್ಟಿಯೊಳಗೆ, ಅಂಚಿನ ಸುತ್ತ ಒಂದೊಂದು ತುಂಡಿಗೆ ಒಂದೊಂದು ಪುಟ್ಟ ಮನೆ ಕಟ್ಟಿ ಕೂರಿಸಿದಳು, ಒಂದಕ್ಕೊಂದು ತಾಗಿ ಸದ್ದಾಗಬಾರದಲ್ಲ. ಐವತ್ತೆರಡು ತುಂಡು. ಹೊರಗಿನಿಂದ ನೋಡಿದರೆ ಇಸ್ತ್ರಿ ಮಾಡಿದ ಫ್ರಾಕು, ಅಷ್ಟೇ. ಇಷ್ಟು ನಾಜೂಕಿನ ಕೆಲಸ ಗಿರಾಕಿಗಳಿಗೂ ಮಾಡಿಕೊಟ್ಟಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಜಂಬವೂ ಆಯಿತು.

ಓಡುವಾಗ ಹಗುರ ಚಡ್ಡಿ, ತೂಗುವಾಗ ಫ್ರಾಕು ಎಂಬುದು ಲೆಕ್ಕಾಚಾರ. ಇಲ್ಲಿಗೆ ಬಂದು ನೋಡಿದರೆ ಈ ವರ್ಷ ತೂಕವೇ ಮೊದಲು. ಇರಲಿ, ಫ್ರಾಕು ಈಗ, ಚಡ್ಡಿ ಆಮೇಲೆ ಎಂದುಕೊಂಡು ಶೌಚಾಲಯದಲ್ಲಿ ಮಗಳಿಗೆ ಫ್ರಾಕು ತೊಡಿಸಿ, ಓಟದ ಚಡ್ಡಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದಳು.

"ಮುಂದಿನವರು ಬನ್ನಿ. ಚಪ್ಪಲಿ ಬಿಡು ಮಗಾ," ಎಂದಳು ನರ್ಸಮ್ಮ.

ಮಿಡತೆ ಹತ್ತಿದಳು. ಮುಳ್ಳು ಓಲಾಡಿತು. ಟೈಲರಮ್ಮ ನರ್ಸಮ್ಮನ ಬಾಯಿಯನ್ನೇ ನೋಡಿದಳು.

"ಮೂವತ್ತೆಂಟೂ ಕಾಲು!" ನರ್ಸಮ್ಮ ಹಳೆಯ ಪುಸ್ತಕದ ಹಾಳೆ ಮಗುಚಿದಳು. "ಅಯ್ಯೋ, ಹೋದ ವರ್ಷ ಮೂವತ್ತಮೂರು ಇದ್ದಳಲ್ರೀ! ಐದು ಕೆಜಿ! ಏನು ಹಾಕಿದ್ರಿ ಇವಳಿಗೆ?"

"ನಮ್ಮನೇಲಿ ಇರೋದೇ, ಸಿಸ್ಟರ್."

"ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ." ನರ್ಸಮ್ಮನಿಗೆ ನಿಜವಾಗಿಯೂ ಖುಷಿಯಾಗಿತ್ತು. "ಶಾಲೇಲಿ ಬಡಕಲು ಮಕ್ಕಳಿಗೆ ಪೌಷ್ಟಿಕ ಪುಡಿ ಕೊಡ್ತಾರಲ್ಲ, ಆ ಪಟ್ಟೀನೂ ನಾನೇ ನೋಡ್ಕೊಳ್ಳೋದು, ಅದರಲ್ಲಿ ಇವಳ ಹೆಸರಿದೆ. ಇನ್ಯಾಕೆ? ತೆಗೀತೀನಿ, ಬೇರೆ ಮಗೂಗೆ ಸಿಗಲಿ," ಎಂದು ಹೆಸರಿನ ಮೇಲೆ ಗೆರೆ ಎಳೆದಳು. ಎಳೆಯಲಿ, ಹಾಸ್ಟೆಲಿನಲ್ಲಿ ಮೊಟ್ಟೆ ತಿನ್ನುವವಳಿಗೆ ಪುಡಿ ಯಾಕೆ ಎಂದುಕೊಂಡಳು ಟೈಲರಮ್ಮ.

ಆಚೆ ಬಾಗಿಲಲ್ಲಿ ಹುಡುಗನೊಬ್ಬ ಹನ್ನೊಂದು ಎಂದು ಬರೆದ ಬಟ್ಟೆಯನ್ನು ಮಿಡತೆಯ ಫ್ರಾಕಿಗೇ ಪಿನ್ನು ಹಾಕಿ ಸಿಕ್ಕಿಸಿ, ಎರಡಕ್ಕೂ ತಾಗುವಂತೆ ಮೊಹರು ಒತ್ತಿದ. ಟೈಲರಮ್ಮ ಚೀಲದೊಂದಿಗೆ ಹಿಂದೆಯೇ ಹೊರಟಾಗ ಕಾವಲಿನವನು ಹಗ್ಗ ಅಡ್ಡ ಹಿಡಿದ.

"ಹೆತ್ತವರು ಈ ಕಡೆನೇ ಇರ್ಬೇಕಮ್ಮ."

"ಬಟ್ಟೆ ಬದಲಾಯಿಸ್ಬೇಕಣ್ಣಾ. ಓಡೋ ಚಡ್ಡಿ ಇಲ್ಲಿದೆ."

"ಈಗ ಆಗಲ್ಲ. ಹೋದ ವರ್ಷ ಯಾರೋ ತೆಳ್ಳಗಿರೋಳನ್ನ ಓಡಿಸಿ, ದಪ್ಪ ಹುಡುಗೀನ ತೂಗಿಸಿದ್ರಂತೆ. ಅದಕ್ಕೆ ತೂಗಿದ ಬಟ್ಟೆಗೇ ಮೊಹರು, ಅದೇ ಬಟ್ಟೇಲಿ ಓಟ. ಮೇಡಂ ಆರ್ಡರು."

"ಫ್ರಾಕಲ್ಲಿ ಹೆಂಗಣ್ಣಾ ಓಡ್ತಾಳೆ?"

"ಅಲ್ಲಿ ನೋಡಿ, ಅರ್ಧಕ್ಕರ್ಧ ಹುಡುಗೀರು ಫ್ರಾಕಲ್ಲೇ ಇದ್ದಾರೆ."

ಇದ್ದರು. ಅವರ ಫ್ರಾಕುಗಳು ಗಾಳಿಗೆ ಪಟಪಟ ಹಾರುತ್ತಿದ್ದವು. ಮಿಡತೆಯದು ಮಾತ್ರ ಪರದೆಯ ಹಾಗೆ ನೆಟ್ಟಗೆ ನಿಂತಿತ್ತು. ಬಾಯಿ ಬಿಟ್ಟರೆ ತೂಕ ಹೋಯಿತು, ಬಿಡದಿದ್ದರೆ ಓಟ ಹೋಯಿತು. ಹಗ್ಗದಾಚೆಯಿಂದ ಮಿಡತೆ ತಾಯಿಯನ್ನು ನೋಡಿದಳು. ಕೇಳುವುದೇನೂ ಇಲ್ಲವೆಂದು ಅರ್ಥವಾದವಳಂತೆ ಸೊಂಟದ ಪಟ್ಟಿಯನ್ನು ಬಿಗಿ ಮಾಡಿಕೊಂಡು ಸುಣ್ಣದ ಗೆರೆಯ ಮೇಲೆ ಹೋಗಿ ನಿಂತಳು.

ಮೈದಾನಕ್ಕೆ ಒಂದು ಸುತ್ತು. ಹದಿನಾಲ್ಕು ಹುಡುಗಿಯರು, ಹಾಸ್ಟೆಲಿನಲ್ಲಿ ನಾಲ್ವರಿಗೆ ಮಾತ್ರ ಜಾಗ. ಸೀಟಿ ಕೇಳಿಸಿದ್ದೇ ತಡ, ಮಿಡತೆ ಎಲ್ಲರಿಗಿಂತ ಮುಂದೆ ಚಿಮ್ಮಿದಳು. ಮೊದಲ ತಿರುವಿನವರೆಗೂ ಅವಳೇ ಮುಂದೆ. ಸೀಸ ಮೊಣಕಾಲಿಗೆ ಬಡಿಯುತ್ತಿದ್ದುದು ದೂರಕ್ಕೆ ಕಾಣುತ್ತಿರಲಿಲ್ಲ, ಟೈಲರಮ್ಮನಿಗೆ ಮಾತ್ರ ತನ್ನ ಮೊಣಕಾಲಿಗೇ ಬಡಿದಂತಾಗುತ್ತಿತ್ತು. ಎರಡನೇ ತಿರುವಿನಲ್ಲಿ ಇಬ್ಬರು ದಾಟಿದರು. ಮೂರನೆಯದರಲ್ಲಿ, ಪೊದೆಯ ಪಕ್ಕ, ಕಾಲುಗಳು ಭಾರವಾಗಿ ಏಳತೊಡಗಿದವು. ಇನ್ನೂ ಐವರು ಅವಳನ್ನು ದಾಟಿಕೊಂಡು ಹೋದರು. ಎಂಟನೆಯವಳಾಗಿ ಗೆರೆ ಮುಟ್ಟಿ ಮಿಡತೆ ಅಲ್ಲೇ ಕುಕ್ಕರುಬಡಿದಳು.

ಕೋಚ್ ಮೇಡಂ ಹಗ್ಗದ ಹತ್ತಿರ ತಾವಾಗಿಯೇ ಬಂದರು. "ಹೋದ ವರ್ಷ ಗಾಳಿ ಥರ ಓಡಿದ್ಲು, ನಂಗೆ ನೆನಪಿದೆ. ಈ ವಯಸ್ಸಲ್ಲಿ ಮೈ ತುಂಬ್ಕೊಂಡಾಗ ಕೆಲವರಿಗೆ ಓಟ ಕಮ್ಮಿ ಆಗುತ್ತಮ್ಮ. ಬೇಜಾರು ಮಾಡ್ಕೋಬೇಡಿ. ಆರೋಗ್ಯ ಬಂತಲ್ಲ, ಅದೇ ದೊಡ್ಡದು."

"ಹೌದು ಮೇಡಂ," ಎಂದಳು ಟೈಲರಮ್ಮ. ಶೆಡ್ಡಿನ ಕಡೆ ನೋಡಿದಾಗ ಪುಸ್ತಕದಲ್ಲಿ ಎಳೆದ ಗೆರೆ ನೆನಪಾಯಿತು. ಹಾಸ್ಟೆಲಿನ ಮೊಟ್ಟೆ ಸಿಗಲಿಲ್ಲ, ಶಾಲೆಯ ಪುಡಿಯನ್ನೂ ತಾನೇ ಕೈಯಾರೆ ಕಳೆದಿದ್ದಳು.

ಜನ ಕರಗಿದ ಮೇಲೆ ಮಿಡತೆ ಶೌಚಾಲಯಕ್ಕೆ ಹೋಗಿ ಬಟ್ಟೆ ಬದಲಾಯಿಸಿ ಬಂದಳು. ತಾಯಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಫ್ರಾಕನ್ನು ತೊಡೆಯ ಮೇಲೆ ಹರಡಿಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ನಾಳೆ ಶಾಲೆಗೆ ಇದನ್ನೇ ಹಾಕಬೇಕಲ್ಲ.

"ಅಮ್ಮಾ, ಈಗ ಒಂದ್ಸಲ ಓಡ್ತೀನಿ. ನೀನು ನೋಡು."

"ಸುಸ್ತಾಗಿದ್ದೀಯ, ಬಾ ಮನೆಗೆ."

"ಒಂದೇ ಒಂದ್ಸಲ. ಇದಿಲ್ದೆ ನಾನು ಹೆಂಗೆ ಓಡ್ತೀನಿ ಅಂತ ನೋಡು."

ಅವಳಾಗಲೇ ಓಡಿಬಿಟ್ಟಿದ್ದಳು. ಮೊದಲ ತಿರುವನ್ನು ಹಾರಿದ ಹಾಗೆ ದಾಟಿದಳು. ಟೈಲರಮ್ಮನ ಕೈ ಹೊಲಿಗೆಯ ಮೇಲೆ ನಿಂತಿತು. ಎಷ್ಟು ಚೆಂದ ಓಡುತ್ತಾಳೆ, ದೇವರೇ! ಎರಡನೆಯ ತಿರುವೂ ಮುಗಿಯಿತು. ಮೂರನೆಯದರಲ್ಲಿ, ಅದೇ ಪೊದೆಯ ಪಕ್ಕ, ಹುಡುಗಿಯ ಕಾಲು ಮೊದಲು ನಿಧಾನವಾಯಿತು, ಆಮೇಲೆ ನಡಿಗೆಯಾಯಿತು, ಆಮೇಲೆ ನಿಂತೇಬಿಟ್ಟಿತು. ಮೊಣಕಾಲಿಗೆ ಕೈ ಊರಿ ಅವಳು ಬಹಳ ಹೊತ್ತು ಬಗ್ಗಿ ನಿಂತಿದ್ದಳು. ಆಗಲೇ ಒಂದು ಸಲ ಓಡಿ ದಣಿದಿದ್ದಾಳಲ್ಲ, ಅದಕ್ಕೇ ಎಂದು ಟೈಲರಮ್ಮ ತನಗೆ ತಾನೇ ಹೇಳಿಕೊಂಡಳು. ಇನ್ನೊಮ್ಮೆಯೂ ಹೇಳಿಕೊಂಡಳು.

ಮಿಡತೆ ಮೈದಾನದ ನಡುವಿನಿಂದ ನಡೆದುಕೊಂಡು ಬಂದಳು. ತುಟಿ ಬಿಳಿಚಿತ್ತು.

"ಆ ಸೀಸದಿಂದಲೇ ಸೋತಿದ್ದು ಅಲ್ವಾಮ್ಮ?"

ಟೈಲರಮ್ಮ ತಲೆ ಎತ್ತಲಿಲ್ಲ. "ಹೌದು ಕಂದಾ. ಅದರಿಂದಲೇ. ತಪ್ಪೆಲ್ಲ ನಂದೇ."

"ಹೋಗ್ಲಿ ಬಿಡು," ಎಂದಳು ಮಗಳು. ತೊಟ್ಟಿಯ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಹೊಟ್ಟೆ ತುಂಬುವವರೆಗೆ ನೀರು ಕುಡಿದಳು.