ಆರನೇ ನಂಬರಿನ ಎರಡನೇ ಹಳದಿ

ನನ್ನ ಬಾವುಟಕ್ಕೆ ಪಂದ್ಯದ ರೆಫರಿಯಾಗಿದ್ದ ನನ್ನ ನಾದಿನಿ ಎಲ್ಲರೆದುರು ಮೂರು ಕಾಸಿನ ಬೆಲೆ ಕೊಡಲಿಲ್ಲ. ಆಫ್‌ಸೈಡ್ ಎಂದು ನಾನು ಎತ್ತಿ ಹಿಡಿದೇ ಇದ್ದೆ. 'ಇಳಿಸಿ' ಎಂದು ಅವಳು ಕೈಸನ್ನೆ ಮಾಡಿದಳು, ಚೆಂಡು ಬಲೆಗೆ ಬಿತ್ತು, ಗೋಲು ಎಂದು ಸೀಟಿಯನ್ನೂ ಊದಿದಳು. ಇಪ್ಪತ್ತೆರಡು ವರ್ಷ ಫುಟ್‌ಬಾಲ್ ರೆಫರಿಯಾಗಿದ್ದವನು ನಾನು, ಅವಳಿಗೆ ಈ ಕೆಲಸ ಕಲಿಸಿದವನೂ ನಾನೇ. ಮೊಣಕಾಲು ಕೈಕೊಟ್ಟ ಮೇಲೆ ಭಾನುವಾರ ಲೈನ್ಸ್‌ಮನ್ ಆಗಿ ಗೆರೆಯ ಪಕ್ಕ ಓಡುತ್ತೇನೆ, ಉಳಿದ ದಿನ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತೇನೆ.

ಮಧ್ಯಂತರದಲ್ಲಿ ನಮ್ಮ ಕೋಣೆಗೆ ಬಂದೆವು. ಕೋಣೆ ಎಂದರೆ ಒಂದು ಬೆಂಚು, ಮೂರು ಮೊಳೆ, ತೊಟ್ಟಿಕ್ಕುವ ನಲ್ಲಿ. ಆ ಬದಿಯ ಲೈನ್ಸ್‌ಮನ್ ನಮ್ಮಿಬ್ಬರ ಮುಖ ನೋಡಿದವನೇ ನೀರಿನ ಬಾಟಲಿ ಎತ್ತಿಕೊಂಡು ಹೊರಗೆ ಜಾರಿಕೊಂಡ.

"ನನ್ನ ಮುಖದಲ್ಲಿರೋದೇನು ಕಣ್ಣಾ, ಅಂಗಿ ಗುಂಡಿಯಾ?" ಎಂದೆ.

"ಗೋಲು ಹೊಡೆದವನಿಗೆ ಚೆಂಡು ಸಿಕ್ಕಿದ್ದೇ ಎದುರು ತಂಡದವನು ಒದ್ದಿದ್ರಿಂದ. ಆಫ್‌ಸೈಡ್ ಹೇಗಾಗತ್ತೆ ಭಾವ? ನಿಮಗೆ ಅಲ್ಲಿಂದ ಕಾಣ್ಲಿಲ್ಲ." ಅವಳು ಬೂಟಿನ ದಾರ ಬಿಗಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಇವತ್ತು ಪರೀಕ್ಷಕರು ಬಂದಿದ್ದಾರೆ. ಅವರ ಮುಂದೆ ಹಟ ಮಾಡ್ಬೇಡಿ. ನಾನು ಕೇಳಿದ್ರೆ ಮಾತ್ರ ಹೇಳಿ."

ಕೇಳಿದರೆ ಮಾತ್ರ! ನನಗೆ ಮೈಯೆಲ್ಲ ಉರಿಯಿತು. ಪರೀಕ್ಷಕರು ಒಪ್ಪಿದರೆ ಅವಳು ಮೇಲಿನ ದರ್ಜೆಯ ಪಂದ್ಯಗಳಿಗೆ ಹೋಗುತ್ತಾಳೆ. ದಿನವಿಡೀ ಲ್ಯಾಬಿನಲ್ಲಿ ಜನರ ರಕ್ತ ತೆಗೆದು, ಸಂಜೆ ಮೈದಾನ ಸುತ್ತಿ, ಮೂರು ವರ್ಷದಿಂದ ಅವಳು ಕಾದದ್ದು ಇದೇ ದಿನಕ್ಕೆ. ಬೆಳಿಗ್ಗೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ನನ್ನ ತಂಗಿ ಪಾಲಿಗೆ ದೊಡ್ಡ ದಿನ. ಆ ಮೂಗಿನ ತುದೀಲಿರೋ ಸಿಟ್ಟನ್ನ ಮನೇಲೇ ಬಿಟ್ಟು ಹೋಗಿ" ಎಂದಿದ್ದಳು. ನಾನು ಅದನ್ನು ಜೋಪಾನವಾಗಿ ಜತೆಗೇ ತಂದಿದ್ದೆ.

ಎರಡನೇ ಅರ್ಧದಲ್ಲಿ ಆರನೇ ನಂಬರಿನವನು ಎದುರಾಳಿಯ ಅಂಗಿ ಹಿಡಿದೆಳೆದ. ಅವಳು ಹಳದಿ ಕಾರ್ಡ್ ತೋರಿಸಿ, ನಂಬರು ಬರೆದುಕೊಂಡು, ಚೀಟಿಯನ್ನು ಜೇಬಿಗಿಟ್ಟಳು. ಅವನಿಗೆ ಮೊದಲರ್ಧದಲ್ಲೇ ಒಂದು ಹಳದಿ ಆಗಿತ್ತು; ನನ್ನ ಚೀಟಿಯಲ್ಲಿ ಸ್ಪಷ್ಟವಾಗಿತ್ತು. ಎರಡು ಹಳದಿ ಎಂದರೆ ಕೆಂಪು, ಆಟಗಾರ ಹೊರಗೆ. ಬರೆಯುವಾಗ ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಲು ಅವಳು ಮರೆತಿದ್ದಳು.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಕೇಳಿದರೆ ಮಾತ್ರ ತಾನೆ, ಕೇಳಲಿ ಎಂದುಕೊಂಡೆ. ಫ್ರೀ ಕಿಕ್ ಹೊಡೆದರು, ಆಟ ಮುಂದುವರಿಯಿತು. ಹೊರಗಿರಬೇಕಾದವನು ನನ್ನ ಕಣ್ಣೆದುರೇ ರಾಜಾರೋಷವಾಗಿ ಓಡಾಡುತ್ತಿದ್ದ. ಒಂದು ನಿಮಿಷ ಕಳೆಯುವಷ್ಟರಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಾವುಟ ಎತ್ತಿದೆ, ಬೀಸಿದೆ, ಮತ್ತೆ ಬೀಸಿದೆ. ಅವಳು ಬೆನ್ನು ತಿರುಗಿಸಿಕೊಂಡೇ ಓಡಿದಳು. ಇನ್ನೊಂದು ನಿಮಿಷ ಹೋಯಿತು. ಕೊನೆಗೆ ಕುಂಟುತ್ತಾ ಮೈದಾನದೊಳಕ್ಕೇ ನುಗ್ಗಿದೆ. ಜನ ಶಿಳ್ಳೆ ಹೊಡೆದರು. "ಅಜ್ಜಾ, ನಿಮ್ಮ ಜಾಗ ಗೆರೆ ಆಚೆ!" ಎಂದು ಯಾರೋ ಕೂಗಿದರು.

ಅವಳು ಆಟ ನಿಲ್ಲಿಸಿದಳು. "ಆರನೇ ನಂಬರಿಗೆ ಇದು ಎರಡನೇದು" ಎಂದೆ. ಚೀಟಿ ತೆಗೆದು ನೋಡಿದವಳ ಮುಖ ಬಿಳುಚಿಕೊಂಡಿತು. ಕೆಂಪು ಕಾರ್ಡ್ ಎತ್ತಿ ಅವನನ್ನು ಹೊರಗೆ ಕಳಿಸಿದಳು.

ಪಂದ್ಯ ಮುಗಿದ ಮೇಲೆ ಪರೀಕ್ಷಕರು ಕೋಣೆಗೆ ಬಂದು, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಬೆಂಚಿನಲ್ಲಿ ಕೂತರು. "ಮರೆವು ಯಾರಿಗಾದ್ರೂ ಬರತ್ತೆ. ಆದ್ರೆ ಸರಿ ಮಾಡೋಕೆ ಎರಡು ನಿಮಿಷ ಯಾಕಾಯ್ತು? ನೀವು ಯಾವಾಗ ಗಮನಿಸಿದ್ರಿ?" ಎಂದು ನನ್ನನ್ನು ಕೇಳಿದರು.

ಆಮೇಲೆ ಹೊಳೆಯಿತು ಎಂದು ತಪ್ಪನ್ನು ಅವಳ ಮೇಲೇ ಬಿಡಬಹುದಿತ್ತು. ನನ್ನ ತಲೆ ಉಳಿಯುತ್ತಿತ್ತು, ಅವಳದು ಉರುಳುತ್ತಿತ್ತು.

"ಹಳದಿ ತೋರಿಸಿದ ಕೂಡ್ಲೇ ಗೊತ್ತಾಯ್ತು ಸಾರ್. ಸಿಟ್ಟಿತ್ತು, ಬಾಯಿ ಬಿಡ್ಲಿಲ್ಲ. ತಪ್ಪು ಪೂರ್ತಿ ನಂದು. ನಾನು ಹೇಳಿದ್ದೇ ತಡ, ರೆಫರಿ ಸರಿ ಮಾಡಿದ್ರು."

ಪರೀಕ್ಷಕರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಈ ವರ್ಷ ನಿಮಗೆ ಪಂದ್ಯ ಇಲ್ಲ" ಎಂದು ಹೇಳಿ, ಅವಳ ಹಾಳೆಯಲ್ಲಿ ಶಿಫಾರಸಿನ ಜಾಗಕ್ಕೆ ಪೆನ್ನು ಒಯ್ದರು. ನನ್ನ ಮನಸ್ಸು ಹಗುರಾಯಿತು.

"ಒಂದ್ನಿಮಿಷ ಸಾರ್" ಎಂದಳು ನಾದಿನಿ. "ಇವರು ಬಾವುಟ ಬೀಸಿದ್ದನ್ನ ನಾನು ನೋಡಿದ್ದೆ. ಮತ್ತೆ ಆ ಗೋಲಿನ ಜಗಳ ತೆಗೀತಾರೆ ಅಂದ್ಕೊಂಡು ಬೇಕಂತಲೇ ಆ ಕಡೆ ಹೋಗ್ಲಿಲ್ಲ. ಎರಡು ನಿಮಿಷದಲ್ಲಿ ಒಂದು ನಂದು."

"ಬಾಯ್ಮುಚ್ಚೇ!" ಎಂದು ಗದರಿದೆ. ತಡವಾಗಿತ್ತು. ಪರೀಕ್ಷಕರು ಆ ಜಾಗಕ್ಕೆ ಅಡ್ಡಗೆರೆ ಎಳೆದು, "ಮುಂದಿನ ವರ್ಷ ನೋಡೋಣಮ್ಮ" ಎಂದು ಎದ್ದುಹೋದರು.

ಅವಳು ಗೋಡೆಯ ಕಡೆ ತಿರುಗಿ ಅತ್ತಳು. ನನಗೆ ಅವಳ ಮೇಲೆ ಕೆಂಡದಂಥ ಕೋಪ ಬಂತು.

"ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಆಮೇಲೆ ಇನ್ನೊಬ್ಬರಿಗೆ ಯಾವ ಮುಖ ಇಟ್ಕೊಂಡು ಕಾರ್ಡ್ ತೋರಿಸ್ಲಿ ಭಾವ?"

ಅವಳ ಚೀಲವನ್ನೂ ನನ್ನ ಹೆಗಲಿಗೇ ಏರಿಸಿಕೊಂಡು ಬಾಗಿಲು ತೆಗೆದೆ.