ಮೂರು ದ್ರಾಕ್ಷಿಯ ವೈನು

ನಮ್ಮ ಯಜಮಾನರು ಸಿದ್ದರಾಮಪ್ಪನವರು ನಲವತ್ತು ವರ್ಷ ನನ್ನ ಸಾರಿಗೆ ಹೆಸರಿಡುತ್ತಲೇ ಉಂಡವರು. ಕೊತ್ತಂಬರಿ ಬೀಜ ಹೆಚ್ಚಾಯಿತು, ಹುಣಸೆ ಹಳೆಯದು, ಒಂದಲ್ಲ ಒಂದು. ಎಂಥಾ ನಾಲಿಗೆಯಪ್ಪಾ ಇದು ಅಂತ ಎಷ್ಟು ಸಲ ಬೈದುಕೊಂಡಿದ್ದೇನೋ! ಕೀಮೋ ಆದಮೇಲೆ ಆ ನಾಲಿಗೆಗೆ ಸಾರೂ ಒಂದೇ, ನೀರೂ ಒಂದೇ.

ಆಸ್ಪತ್ರೆಯಿಂದ ಜಾಲಹಳ್ಳಿಯ ಮನೆಗೆ ಕಳಿಸುವಾಗ ಡಾಕ್ಟರು, "ಇನ್ಮೇಲೆ ಪಥ್ಯ ಬೇಡಮ್ಮ, ಬೇಕಾದ್ದು ತಿನ್ಲಿ" ಅಂದರು. ಅದರ ಅರ್ಥ ನನಗೆ ತಿಳಿಯದ್ದೇನಲ್ಲ. ಹೋಗುವ ಮೊದಲು ಒಂದು ತುತ್ತಾದರೂ ರುಚಿ ಕಂಡು ಉಣ್ಣಲಿ, ನನಗೆ ಬೇಕಿದ್ದದ್ದು ಅಷ್ಟೇ.

ಒಂದು ದಿನ ಸೊಸೆ ಶೀತಲ್ ಇವರಿಗೆ ಚಮಚದಲ್ಲಿ ಕೆಂಪು ವೈನು ಕುಡಿಸುತ್ತಿದ್ದಳು. ಎದೆಯ ಮೇಲೆ ಲಿಂಗ, ದಿನಾ ಪೂಜೆಯಾಗುವ ಮನೆ! ಬಾಯಿಗೆ ಬಂದಂತೆ ಕೂಗಾಡಿದೆ.

"ಸುಮ್ಕಿರು ರುದ್ರಿ," ಅಂದರು ಇವರು, ಕಣ್ಣು ಮುಚ್ಚಿಕೊಂಡೇ. "ಮೊದ್ಲು ನೇರಳೆ ಹಣ್ಣು. ಆಮ್ಯಾಲೆ ಮೆಣಸು. ಕೊನೀಗೆ ಎಳೇ ಅಡಿಕೆ ಅಗಿದಂಗೆ ಒಗರು."

ನಾನು ಬೈಗುಳ ನುಂಗಿಕೊಂಡೆ. ಅದರ ಹಿಂದೆಯೇ ಇವರು ಅನ್ನ ಕೇಳಿ ಉಂಡು, "ಸಾರಿಗೆ ಉಪ್ಪು ಸಾಲ್ದು" ಅಂದರು. ನಾನು ಒಳಗೆ ಹೋಗಿ ಖುಷಿಗೆ ಅತ್ತುಬಿಟ್ಟೆ.

"ಮೂರು ಜಾತಿ ದ್ರಾಕ್ಷಿ ಸೇರಿಸಿರ್ತಾರೆ ಅತ್ತೆ," ಅಂದಳು ಶೀತಲ್. "ಒಂದು ಬಣ್ಣಕ್ಕೆ, ಒಂದು ಘಮಕ್ಕೆ, ಇನ್ನೊಂದು ಬಾಯಲ್ಲಿ ನಿಲ್ಲೋದಕ್ಕೆ."

ನನ್ನ ಸಾರಿನ ಪುಡಿಯೂ ಹಾಗೇ ಅಲ್ಲವೇ ಅಂದುಕೊಂಡೆ.

ಬಾಟಲಿ ಮುಗಿದಾಗ ನಾನೇ ದಾಸರಹಳ್ಳಿಯ ಅಂಗಡಿಗೆ ಹೋದೆ, ಹಣೆಯ ವಿಭೂತಿ ಸಮೇತ. ನಿಂತಿದ್ದ ಗಂಡಸರು ಸರಿದು ದಾರಿ ಬಿಟ್ಟರು.

"ಅಡ್ರೆಸ್ ಬೇಕಾಗಿತ್ತಾ ಅಮ್ಮ?" ಅಂದ ಅಂಗಡಿಯವನು.

"ಅಡ್ರೆಸ್ ಅಲ್ಲಪ್ಪ, ವೈನು. ಇಂಥಾದ್ದೇ ಕೊಡು," ಎಂದು ಖಾಲಿ ಬಾಟಲಿ ಮುಂದಿಟ್ಟೆ.

ಸಂಜೆ ವೈನನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಅಡುಗೆಮನೆಯಿಂದ ಒಯ್ದು ಕುಡಿಸಿದೆ. ಇವರು ಕಣ್ಣು ಮುಚ್ಚಿದರು.

"ನೇರಳೆ," ಅಂದರು. "ಆಮ್ಯಾಲೆ ಮೆಣಸು. ಕೊನೀಗೆ ಒಗರು. ಅದೇ ರುದ್ರಿ, ಅದೇ."

ಗೆದ್ದೆ ಅಂದುಕೊಂಡು ಅನ್ನ ಕಲಸಲು ಒಳಗೆ ಬಂದೆ. ಕಟ್ಟೆಯ ಮೇಲೆ ವೈನಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಪಕ್ಕದಲ್ಲಿ ಶೀತಲ್ ಮಾಡಿಟ್ಟಿದ್ದ ಬೀಟ್‌ರೂಟ್ ರಸದ ಅಂಥದ್ದೇ ಲೋಟ ಇರಲಿಲ್ಲ. ಅವಸರದಲ್ಲಿ ಒಯ್ದಿದ್ದು ಅದನ್ನೇ.

ಅಯ್ಯೋ ದೇವರೇ! ಆ ನಾಲಿಗೆ ಮತ್ತೆ ಸತ್ತಿತ್ತು, ಇವರು ನನಗೋಸ್ಕರ ಹಳೆಯದನ್ನೇ ಒಪ್ಪಿಸಿದ್ದರು. ನಿಂತಲ್ಲೇ ವೈನಿನ ಲೋಟ ಎತ್ತಿ ಕುಡಿದೆ. ಜೀವಮಾನದಲ್ಲಿ ಮೊದಲ ಸಲ. ನೇರಳೆ ಇತ್ತು, ಮೆಣಸು ಇತ್ತು, ಆ ಒಗರೂ ಇತ್ತು. ಇವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಕಣ್ಣೊರೆಸಿಕೊಂಡು ಹೋಗಿ ತುತ್ತು ಕೊಟ್ಟೆ. ಇವರು ನಿಧಾನ ಅಗಿದು ನುಂಗಿ, ನನ್ನ ಮುಖ ನೋಡಿದರು.

"ಇವತ್ತು ಸಾರು ಭಾಳ ಚಲೋ ಆಗೇತಿ ರುದ್ರಿ."

ನಲವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಅಂದವರಲ್ಲ.

"ಹೌದಾ?" ಅಂದೆ. "ಇನ್ನೊಂದು ಸೌಟು ಹಾಕ್ಲಾ?"